ಅಕ್ಕೋರಾಗಿದ್ದ ಅಮ್ಮಮ್ಮನ ಸ್ಮರಣ ಸಂಚಿಕೆ: ಯಾರ ಮಾತನ್ನು ಹಾಕುವುದು, ಯಾರದನ್ನು ಬಿಡುವುದು?

ಹಿನ್ನೀರು:
ನನ್ನ ಅಮ್ಮಮ್ಮ ಹೋದ ಮಾಘದಲ್ಲಿ ತೀರಿಕೊಂಡರು. ಶಾಲೆಯ ಮಕ್ಕಳಿಗೆ ಅವರು ಅಕ್ಕೋರು. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನಾಚೆ, ತುಮರಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಹುಪಾಲು ಸೇವೆ ಮುಗಿಸಿ 2000ದಲ್ಲಿ ನಿವೃತ್ತರಾದವರು. ವರ್ಷಾಂತಿಕದ ಹೊತ್ತಿಗೆ ಒಂದು ಸಣ್ಣ ಸ್ಮರಣ ಸಂಚಿಕೆ ತರೋಣವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ಸಂಪಾದಕತ್ವ ನನ್ನ ತಲೆಗೆ ಬಂತು, ಏಕೆಂದರೆ ಮನೆಯಲ್ಲಿ ಕನ್ನಡ ಟೈಪ್ ಮಾಡಲು ಬರುವುದು ನನಗೊಬ್ಬನಿಗೇ.

ಹಳೆಯ ವಿದ್ಯಾರ್ಥಿಗಳಿಗೆ ವಾಟ್ಸಾಪ್‌ನಲ್ಲಿ ಹೇಳಿ ಕಳುಹಿಸಿದೆ. ಬರಹಗಳು ಬಂದವು. ಅರ್ಧದಷ್ಟು ‘ದೇವತೆ’, ‘ಹೆತ್ತ ತಾಯಿಗಿಂತ ಮಿಗಿಲು’ ಎಂದು ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ಉಳಿದವು ಕಷ್ಟದವು. ಒಬ್ಬರು ಬೆತ್ತದ ಪೆಟ್ಟಿನ ಬಗ್ಗೆಯೇ ಎರಡು ಪುಟ ಬರೆದಿದ್ದಾರೆ. ಇನ್ನೊಬ್ಬರು, ತಾವು ಶಾಲೆಗೆ ಹೋಗದ ದಿನಗಳಿಗೂ ಹಾಜರಿ ಹಾಕಿ ಮನೆಗೆ ಅಕ್ಕಿ ಸಿಗುವಂತೆ ಮಾಡಿದರು ಎಂದು ಕೈಮುಗಿದು ಬರೆದಿದ್ದಾರೆ. ಇದನ್ನು ಅಚ್ಚು ಹಾಕಿಸಿದರೆ ಹೊಗಳಿಕೆಯೋ, ದೂರೋ?

ಎಲ್ಲಕ್ಕಿಂತ ಕಷ್ಟದ್ದು ನನ್ನ ಅಮ್ಮನದು. ಇಡೀ ಕಟ್ಟನ್ನು ಓದಿ ಕನ್ನಡಕ ತೆಗೆದಿಟ್ಟು, "ಇಷ್ಟು ಒಳ್ಳೆಯವರು ನಮ್ಮ ಮನೆಯಲ್ಲಿ ಇರಲಿಲ್ಲವಲ್ಲ" ಎಂದರು. ನೀವಾದರೆ ಏನು ಮಾಡುತ್ತಿದ್ದಿರಿ? ಆ ಕಡೆ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಲಾಂಚ್_ತಪ್ಪಿದವ:
ಎಲ್ಲವನ್ನೂ ಹಾಕಿ. ದೇವತೆಗಳನ್ನು ಮಾತ್ರ ಬಿಡಿ.

ಕೊನೇಬೆಂಚು:
ಖಂಡಿತ ಬೇಡ. ಸಂಚಿಕೆಯನ್ನು ಓದುವವರು ಯಾರು? ವರ್ಷಾಂತಿಕಕ್ಕೆ ಊಟಕ್ಕೆ ಬಂದ ನೆಂಟರು. ಪಾಯಸದ ಪಕ್ಕದಲ್ಲಿ ಬೆತ್ತದ ಕಥೆ ಯಾರಿಗೆ ಬೇಕು? ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುವುದು ಸುಳ್ಳಲ್ಲ, ಮರ್ಯಾದೆ.

ಹಕ್ಕಿನ_ಮಾತು:
ಪೆಟ್ಟಿನ ಬರಹವನ್ನು ಮೊದಲು ಹಾಕಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ಹೊಡೆದರು, ಆದ್ದರಿಂದಲೇ ನಾವು ಮೇಲೆ ಬಂದೆವು’ ಎಂಬ ರಾಗ ನಮ್ಮಲ್ಲಿ ಬಹಳ ಹಳೆಯದು. ಹೊಡೆತ ತಿಂದು ಮೇಲೆ ಬಾರದೆ ಶಾಲೆ ಬಿಟ್ಟವರು ಸ್ಮರಣ ಸಂಚಿಕೆಗೆ ಬರೆಯುವುದಿಲ್ಲ, ಅಷ್ಟೇ.

ಕೊನೇಬೆಂಚು:
ಸ್ವಾಮಿ, 2000ದಲ್ಲಿ ನಿವೃತ್ತರಾದವರ ಮೇಲೆ 2009ರ ಕಾಯ್ದೆಯೇ?

ಹಕ್ಕಿನ_ಮಾತು:
ಮೊಕದ್ದಮೆ ಹೂಡಿ ಎಂದೆನೇ? ಪೆಟ್ಟು ಬಿದ್ದದ್ದನ್ನು ಅಳಿಸಬೇಡಿ ಎಂದೆ.

ನಿವೃತ್ತ_ಮೇಷ್ಟ್ರು:
ನಾನೂ ಮಲೆನಾಡಿನ ಏಕೋಪಾಧ್ಯಾಯ ಶಾಲೆಗಳಲ್ಲಿ ಕೆಲಸ ಮಾಡಿದವನು. ಅದು ಏನೆಂದು ಈಗಿನವರಿಗೆ ಹೇಳಬೇಕಾಗಿದೆ. ಒಂದು ಕೋಣೆ, ಒಂದರಿಂದ ನಾಲ್ಕನೆಯ ತರಗತಿ, ಒಬ್ಬರೇ ಶಿಕ್ಷಕರು. ಒಂದನೆಯವರು ಮರಳಿನ ಮೇಲೆ ಅಕ್ಷರ ತಿದ್ದುತ್ತಿರಬೇಕು, ಎರಡನೆಯವರು ಮಗ್ಗಿ ಒಪ್ಪಿಸುತ್ತಿರಬೇಕು, ಮೂರನೆಯವರು ಕಾಪಿ ಬರೆಯುತ್ತಿರಬೇಕು, ಆಗ ನಾಲ್ಕನೆಯವರಿಗೆ ಭಾಗಾಕಾರ ಹೇಳಿಕೊಡಬಹುದು. ಜೋರು ಮಳೆ ಬಂದರೆ ಹೆಂಚಿನ ಮೇಲಿನ ಸದ್ದಿಗೆ ಯಾರಿಗೂ ಏನೂ ಕೇಳಿಸುವುದಿಲ್ಲ. ಎರಡು ಕೋಣೆ, ಇಬ್ಬರು ಶಿಕ್ಷಕರು, ಅವರಲ್ಲಿ ಸಾಧ್ಯವಾದರೆ ಒಬ್ಬರು ಮಹಿಳೆ ಎಂಬ ಕನಿಷ್ಠ ಮಟ್ಟವನ್ನು ಸರ್ಕಾರ ಗೊತ್ತುಪಡಿಸಿದ್ದೇ 1987ರ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯಲ್ಲಿ. ಅದು ಕಾಡಿನ ಶಾಲೆಗಳಿಗೆ ಮುಟ್ಟಲು ಮತ್ತೆಷ್ಟೋ ಕಾಲ ಹಿಡಿಯಿತು.

ಪಾಠದ ಮೇಲೆ ಜನಗಣತಿ. 1971, 1981, 1991 ಮೂರಕ್ಕೂ ಮನೆಮನೆ ಅಲೆದವರು ನಮ್ಮಂಥವರೇ. ಮತದಾರರ ಪಟ್ಟಿ, ಚುನಾವಣೆ, ಸಾಕ್ಷರತಾ ಆಂದೋಲನ ಬಂದಾಗ ರಾತ್ರಿ ಲಾಟೀನು ಹಿಡಿದು ದೊಡ್ಡವರ ತರಗತಿ. ಹೆಂಗಸಾದರೆ ಇದೆಲ್ಲದರ ಮೇಲೆ ಮನೆ. ನಿಮ್ಮ ತಾಯಿಯವರ ಮಾತಿನಲ್ಲಿ ಅರ್ಥವಿದೆ, ಹಿನ್ನೀರು ಅವರೇ. ದಯವಿಟ್ಟು ಅದನ್ನು ಬಿಡಬೇಡಿ.

ಬೆತ್ತ ನನ್ನ ಕೈಯಲ್ಲೂ ಇತ್ತು. ಅದರ ಬಗ್ಗೆ ನನ್ನ ಹಳೆಯ ಮಕ್ಕಳು ಬರೆದರೆ ನಾನು ತಡೆಯುವುದಿಲ್ಲ.

ಸಂತೆಪೇಟೆ:
ಅಕ್ಕಿಯ ಕಥೆ ಅರ್ಥವಾಗಲಿಲ್ಲ. ಬಿಸಿಯೂಟವನ್ನು ಶಾಲೆಯಲ್ಲೇ ಬೇಯಿಸಿ ಬಡಿಸುತ್ತಾರಲ್ಲವೇ? ಮನೆಗೆ ಅಕ್ಕಿ ಹೇಗೆ ಹೋಗುತ್ತದೆ?

ನಿವೃತ್ತ_ಮೇಷ್ಟ್ರು:
ಅದು ಬಿಸಿಯೂಟಕ್ಕೆ ಮೊದಲಿನ ಮಾತು. ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ, ಅದೂ ಮೊದಲು ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಉಳಿದ ಕಡೆಗೆ ಬಂದದ್ದು 2003ರಲ್ಲಿ. ಅದಕ್ಕೂ ಹಿಂದೆ, 1995ರ ಆಗಸ್ಟ್ 15ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ, ಶೇ 80ರಷ್ಟು ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೊ ಧಾನ್ಯ. ನಮ್ಮಲ್ಲಿ ಅಕ್ಕಿ. ಹಾಜರಿ ಪುಸ್ತಕದಲ್ಲಿ ಒಂದೆರಡು ಗೀಟು ಕಡಿಮೆಯಾದರೆ ಮಗುವಿಗೆ ಆ ತಿಂಗಳು ಏನೂ ಇಲ್ಲ. ಚೀಲ ಹಿಡಿದು ಬಂದ ಮಗುವಿಗೆ ‘ನಿನಗಿಲ್ಲ’ ಎನ್ನಬೇಕಾದವರು ಶಿಕ್ಷಕರು.

ಅಡಿಕೆಸಿಪ್ಪೆ:
ಆ ಮಗುವಿನಂಥವನೇ ನಾನೂ. ಅದೇ ಶಾಲೆಯಲ್ಲ, ಹೊಸನಗರದ ಕಡೆ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾದರೆ ನಮ್ಮ ಮನೆಯವರೆಲ್ಲ ಅಡಿಕೆ ಸುಲಿಯಲು ಹೋಗಬೇಕಿತ್ತು. ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತ ಹುಡುಗ ಬೆಳಗ್ಗೆ ಹತ್ತಕ್ಕೆ ಶಾಲೆಯಲ್ಲಿ ಇರುತ್ತಾನೆಯೇ? ಅಂದರೆ ಅಕ್ಕಿ ಯಾರಿಗೆ ಬೇಕಿತ್ತೋ ಅವರೇ ಶೇ 80 ಮುಟ್ಟುತ್ತಿರಲಿಲ್ಲ. ತೋಟದ ಯಜಮಾನರ ಮಕ್ಕಳು ಶೇ 100 ಹಾಜರಿಯಲ್ಲಿ ಅಕ್ಕಿ ತೆಗೆದುಕೊಂಡು ಹೋಗಿ ಕೋಳಿಗೆ ಹಾಕುತ್ತಿದ್ದರು. ಅಮ್ಮಮ್ಮ ಗೀಟು ಎಳೆದದ್ದು ಸರಿ. ದಪ್ಪ ಅಕ್ಷರದಲ್ಲಿ ಹಾಕಿಸಿ.

ಲೆಕ್ಕಪತ್ರ:
ಕನಿಕರ ಒಪ್ಪಿದೆ. ಆದರೆ ಸುಳ್ಳು ಹಾಜರಿ ಸುಳ್ಳು ಹಾಜರಿಯೇ. ಇದೇ ಗೀಟನ್ನು ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಎಳೆದು ಅಕ್ಕಿಯನ್ನು ಅಂಗಡಿಗೆ ಮಾರಿದರು. ಪುಸ್ತಕದಲ್ಲಿ ಎರಡೂ ಒಂದೇ ತರಹ ಕಾಣುತ್ತವೆ.

ಅಡಿಕೆಸಿಪ್ಪೆ:
ಪುಸ್ತಕದಲ್ಲಿ ಕಾಣುತ್ತವೆ. ಊರಿನಲ್ಲಿ ಕಾಣುವುದಿಲ್ಲ. ಯಾರ ಮನೆಯ ಒಲೆಯ ಮೇಲೆ ಆ ಅಕ್ಕಿ ಬೆಂದಿತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಲೆಕ್ಕಪತ್ರ:
ನನ್ನ ಇನ್ನೊಂದು ಮಾತಿಗೆ ಉತ್ತರಿಸಿ. ಮಗು ಬರುತ್ತಿದೆ ಎಂದು ಬರೆದಿಟ್ಟರೆ, ಮಗು ಶಾಲೆಯ ಹೊರಗಿದೆ ಎಂಬುದು ಇಲಾಖೆಗೆ ಗೊತ್ತಾಗುವುದು ಹೇಗೆ? ಒಂದು ಹಂಗಾಮಿನಲ್ಲಿ ಇಡೀ ಹೋಬಳಿಯ ಕೂಲಿಕಾರರ ಮಕ್ಕಳು ಕಾಣೆಯಾಗುತ್ತಾರೆ ಎಂಬ ಸತ್ಯವೇ ದಾಖಲೆಯಿಂದ ಅಳಿಸಿಹೋಯಿತು. ಮೂರು ಕಿಲೊ ಅಕ್ಕಿ ಸಿಕ್ಕಿತು ನಿಜ, ಕಲಿಕೆ ಸಿಕ್ಕಿತೇ?

ನೀರುಕಡ್ಡಿ:
ಕಲಿಕೆ ಸಿಕ್ಕಿತೇ ಎಂಬುದಕ್ಕೆ ನಾನು ಉತ್ತರಿಸಬಲ್ಲೆ. ಹಿನ್ನೀರು ಅವರೇ, ಒಂದು ಪ್ರಶ್ನೆ: ನಿಮ್ಮ ಅಮ್ಮಮ್ಮ ವಾಚನ್ನು ಬಲಗೈಗೆ ಕಟ್ಟುತ್ತಿದ್ದರೇ? ಬಿಳಿ ಸೀರೆಗೆ ನೀಲಿ ಅಂಚು, ಕೈಯಲ್ಲಿ ಬಿದಿರಿನ ಹಿಡಿಯ ಕಪ್ಪು ಕೊಡೆ?

ಹಿನ್ನೀರು:
ಬಲಗೈಗೇ. ಅದೇ ಕೊಡೆ ಈಗಲೂ ಮನೆಯಲ್ಲಿದೆ. ನೀವು ಯಾವ ವರ್ಷದವರು?

ನೀರುಕಡ್ಡಿ:
ಎಪ್ಪತ್ತರ ದಶಕದ ಮಧ್ಯಭಾಗ. ಆಗ ಅಕ್ಕಿಯ ಯೋಜನೆ ಇರಲಿಲ್ಲ, ಅಡಿಕೆ ಮಾತ್ರ ಇತ್ತು. ಹಂಗಾಮಿನಲ್ಲಿ ನಾವು ಬಾರದಿದ್ದರೆ ಅಕ್ಕೋರು ಸಂಜೆ ತೋಟದ ಮನೆಯ ಅಂಗಳಕ್ಕೇ ಬರುತ್ತಿದ್ದರು. ಸುಲಿಯುವವರ ಮಧ್ಯೆ ಒಂದು ಮಣೆ ಹಾಕಿಸಿಕೊಂಡು ಕುಳಿತು ಮಗ್ಗಿ ಹೇಳಿಸುವುದು. ನಮ್ಮ ಕೈ ಅಡಿಕೆಯ ಮೇಲೆ, ಬಾಯಿ ಹದಿಮೂರರ ಮಗ್ಗಿಯ ಮೇಲೆ. ಯಜಮಾನರಿಗೆ ಕೆಲಸ ನಿಲ್ಲಲಿಲ್ಲ, ಆದ್ದರಿಂದ ಸಿಟ್ಟು ಮಾಡಲಿಲ್ಲ. ನನ್ನ ಅವ್ವನೂ ಅಲ್ಲೇ ಕುಳಿತು ಕಲಿತಳು. ಈಗಲೂ ಸಂತೆಯಲ್ಲಿ ಅವಳಿಗೆ ಯಾರೂ ಲೆಕ್ಕದಲ್ಲಿ ಮೋಸ ಮಾಡಲಾರರು.

ಇನ್ನೊಂದು. ನಮ್ಮದು ಗೇಣಿ ಮಾಡುತ್ತಿದ್ದ ಮನೆ. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಇದೇ ತಾಲ್ಲೂಕಿನಲ್ಲಿ. ಆದರೂ ನನ್ನ ಕಾಲಕ್ಕೆ ಶಾಲೆಯ ಕುಡಿಯುವ ನೀರಿನ ಕೊಡವನ್ನು ಯಾರು ಮುಟ್ಟಬೇಕು ಎಂಬುದು ಊರಿನಲ್ಲಿ ತೀರ್ಮಾನವಾಗಿಯೇ ಇತ್ತು. ಅಕ್ಕೋರು ಭಾಷಣ ಮಾಡಲಿಲ್ಲ. ಹಾಜರಿ ಪುಸ್ತಕದ ಕ್ರಮದಲ್ಲಿ ದಿನಕ್ಕೊಬ್ಬರು ನೀರು ತರಬೇಕು ಎಂದು ಹಲಗೆಯ ಮೇಲೆ ಬರೆದರು. ನನ್ನ ಸರದಿ ಬಂದ ದಿನ ಇಬ್ಬರು ಹುಡುಗರು ನೀರು ಕುಡಿಯದೆ ಮನೆಗೆ ಹೋದರು. ಮರುದಿನ ಒಬ್ಬರ ತಂದೆ ಶಾಲೆಗೆ ಬಂದು ಕೂಗಾಡಿದರು. ಅಕ್ಕೋರು ಅವರೆದುರಿಗೇ ಒಂದು ಲೋಟ ತುಂಬಿಸಿಕೊಂಡು ಕುಡಿದು, "ಬಿಸಿಲಿನಲ್ಲಿ ಬಂದಿದ್ದೀರಿ, ನಿಮಗೂ ಬೇಕೇ?" ಎಂದು ಕೇಳಿದರು.

ಪೆಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಹೊಡೆಯುತ್ತಿದ್ದರು, ಚೆನ್ನಾಗಿಯೇ ಹೊಡೆಯುತ್ತಿದ್ದರು. ಸ್ಲೇಟನ್ನು ಎಂಜಲಿನಿಂದ ಒರೆಸಿದರೆ ಅಂಗೈಗೆ ಒಂದು. ಬೇಲಿಯಲ್ಲಿ ಸ್ಲೇಟು ಒರೆಸಲು ರಸ ತುಂಬಿದ ನೀರುಕಡ್ಡಿ ಗಿಡ ಇರುವಾಗ ಎಂಜಲೇಕೆ ಎಂಬುದು ಅವರ ವಾದ. ನನಗೆ ಆ ಹೊಡೆತದ ಮೇಲೆ ಅಭಿಮಾನವೇನೂ ಇಲ್ಲ. ನೋವಾಗುತ್ತಿತ್ತು.

ಲೆಕ್ಕಪತ್ರ:
ಈ ಬರಹ ಹಾಕಿಸಿ. ಹಾಜರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಸಂತೆಪೇಟೆ:
ಎಪ್ಪತ್ತರ ದಶಕ ಎಂದರೆ ಶಾಲೆಯಲ್ಲಿ ಉಪ್ಪಿಟ್ಟು ಇತ್ತಲ್ಲ! ಕೇರ್ ಸಂಸ್ಥೆಯದು. ಹಳದಿ ಬಣ್ಣದ ಮೆಕ್ಕೆಜೋಳದ ರವೆ. ಅದರ ಪರಿಮಳ ಈಗ ಯಾವ ಹೋಟೆಲಿನಲ್ಲೂ ಇಲ್ಲ.

ಕೊನೇಬೆಂಚು:
ಜೋಳವಲ್ಲ, ಗೋಧಿ ನುಚ್ಚು. ಅಮೆರಿಕದಿಂದ ಬರುತ್ತಿತ್ತು. ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ.

ಸಂತೆಪೇಟೆ:
ಚಿತ್ರ ಸರಿ, ಗೋಧಿ ತಪ್ಪು. ತಿಂದವನು ನಾನು.

ನಿವೃತ್ತ_ಮೇಷ್ಟ್ರು:
ಬೇಯಿಸಿ ಹಾಕಿದವನು ನಾನು. ಎರಡೂ ಬರುತ್ತಿದ್ದವು. ಕೆಲವು ಸಲ ಗೋಧಿ ನುಚ್ಚು, ಕೆಲವು ಸಲ ಮೆಕ್ಕೆಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಹಿಟ್ಟು. ಜೊತೆಗೆ ಎಣ್ಣೆಯ ಡಬ್ಬಿ. ಖಾಲಿ ಡಬ್ಬಿಗಾಗಿ ಊರಿನಲ್ಲಿ ನಡೆದ ಜಗಳಗಳನ್ನು ಬರೆದರೆ ಅದೇ ಒಂದು ಸಂಚಿಕೆಯಾದೀತು.

ಉತ್ತರದವಳು:
ನಾನು ಹಾವೇರಿ ಜಿಲ್ಲೆಯವಳು, ನನ್ನ ತಾಯಿಯೂ ಅಕ್ಕೋರೇ. ಉಪ್ಪಿಟ್ಟಿನ ಗದ್ದಲದಲ್ಲಿ ಹಿನ್ನೀರು ಅವರ ತಾಯಿಯನ್ನು ಎಲ್ಲರೂ ಮರೆತಿರಿ. ಮೇಲೆ ಆ ಅಂಗಳದ ಕಥೆ ಓದಿದೆನಲ್ಲ, ಬಹಳ ಚೆನ್ನಾಗಿದೆ. ಆದರೆ ಓದುತ್ತಿರುವಾಗ ನನಗೆ ಹೊಳೆದದ್ದು ಒಂದೇ: ಆ ಸಂಜೆ ಅವರ ಸ್ವಂತ ಮಕ್ಕಳು ಎಲ್ಲಿದ್ದರು? ಯಾರು ಅವರಿಗೆ ದೀಪ ಹಚ್ಚಿಕೊಟ್ಟರು?

ಶಿಕ್ಷಕಿಯ ಮಗಳಾಗಿ ಬೆಳೆಯುವುದು ಏನೆಂದು ಯಾರೂ ಬರೆಯುವುದಿಲ್ಲ. ಊರಿನವರೆಲ್ಲ ‘ನಿಮ್ಮ ತಾಯಿ ಎಂಥವರು!’ ಎನ್ನುತ್ತಾರೆ. ನಾವು ಹೌದು ಎಂದು ತಲೆ ಆಡಿಸಬೇಕು. ಅವರ ತಾಳ್ಮೆ ಶಾಲೆಯಲ್ಲೇ ಖರ್ಚಾಗಿರುತ್ತದೆ, ಮನೆಗೆ ಬರುವಾಗ ಚಿಲ್ಲರೆ ಮಾತ್ರ ಉಳಿದಿರುತ್ತದೆ.

ಹಿನ್ನೀರು:
ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಇವಳು ಯಾರು, ಫೋನ್ ನಂಬರ್ ಇದೆಯೇ?" ಎಂದು ಕೇಳಿದರು.

ಅದೇ_ಮನೆಯವ:
ನಾನು ಹಿನ್ನೀರು ಅವರ ಚಿಕ್ಕಮ್ಮನ ಮಗ. ಇವನು ಇಲ್ಲಿ ಬರೆದಿದ್ದಾನೆಂದು ಈಗ ಗೊತ್ತಾಯಿತು. ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ, ಅಣ್ಣ. ಅಮ್ಮಮ್ಮ ಎಂದರೆ ಹಾಜರಿ ಪುಸ್ತಕ ಮತ್ತು ಬೆತ್ತ ಮಾತ್ರವೇ? ಬೇಸಿಗೆ ರಜೆಗೆ ಹೋದಾಗ ಚೆನ್ನೆಮಣೆಯಲ್ಲಿ ಮೋಸ ಮಾಡುತ್ತಿದ್ದರು, ಅದನ್ನೇಕೆ ಬರೆಯಲಿಲ್ಲ? ಸಿಕ್ಕಿಬಿದ್ದರೆ "ನೀನು ಎಣಿಸುತ್ತಿದ್ದೀಯೋ ಇಲ್ಲವೋ ಎಂದು ಪರೀಕ್ಷಿಸಿದೆ" ಎನ್ನುತ್ತಿದ್ದರು. ಹಲಸಿನ ಹಪ್ಪಳ ಒಣಗಿಸುವಾಗ ಕಾಗೆ ಓಡಿಸುವ ಕೆಲಸಕ್ಕೆ ಸಂಬಳ ಕೊಡುತ್ತಿದ್ದರು, ರಜೆ ಹಾಕಿದರೆ ಕಡಿತವೂ ಇತ್ತು.

ನನ್ನ ಮದುವೆಯ ಕಾಗದ ಅಚ್ಚಾಗಿ ಬಂದಾಗ ಮೊದಲ ಪ್ರತಿಯನ್ನು ಅವರ ಕೈಗೆ ಕೊಟ್ಟೆ. ಆಶೀರ್ವಾದ ಮಾಡುತ್ತಾರೆಂದುಕೊಂಡರೆ ಕೆಂಪು ಪೆನ್ನು ಕೇಳಿದರು. ಮೂರು ಕಡೆ ಸುತ್ತು ಹಾಕಿ, "ಅಲ್ಪಪ್ರಾಣ, ಮಹಾಪ್ರಾಣ ಗೊತ್ತಿಲ್ಲದವರು ಮದುವೆಯಾಗಬಾರದೆಂದು ನಿಯಮವಿಲ್ಲ, ಬಿಡು" ಎಂದರು.

ಲಾಂಚ್_ತಪ್ಪಿದವ:
ಅದನ್ನು ಮುಖಪುಟಕ್ಕೆ ಹಾಕಿ.

ಹಿನ್ನೀರು:
ತಮ್ಮಾ, ಚೆನ್ನೆಮಣೆಯ ಕಥೆಯನ್ನು ಬರೆದು ಕಳುಹಿಸು ಎಂದು ನಿನಗೆ ಹೇಳಿ ಎಷ್ಟು ದಿನವಾಯಿತು?

ಮುಳುಗಡೆ_ಮನೆ:
ಸ್ವಲ್ಪ ವಿಷಯಾಂತರ, ಕ್ಷಮಿಸಿ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಆಯಿತು. ನಿಮ್ಮ ಅಮ್ಮಮ್ಮನ ತವರು ಮುಳುಗಡೆಯ ಊರೇ? ಆ ಕಾಲದಲ್ಲಿ ಕೆಲಸಕ್ಕೆ ಸೇರಿದ ಅನೇಕ ಶಿಕ್ಷಕರ ಸ್ವಂತ ಮನೆಗಳೇ ನೀರಿನಡಿ ಹೋದವು. ಲಾರಿಯಲ್ಲಿ ಪಾತ್ರೆ, ದನ, ದೇವರ ಪೆಟ್ಟಿಗೆ ಹೇರಿಕೊಂಡು ಹೊರಟವರ ಮಕ್ಕಳು ನಾವು. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ನೀರಿನಲ್ಲಿ ಮುಳುಗಿದೆ, ಬರಗಾಲದ ಬೇಸಿಗೆಯಲ್ಲಿ ತಲೆ ಎತ್ತುತ್ತದೆ.

ಹಿನ್ನೀರು:
ಹೌದು, ತವರು ಮುಳುಗಿತು. ಅವರು ಅದರ ಬಗ್ಗೆ ಹೆಚ್ಚು ಮಾತನಾಡುತ್ತಿರಲಿಲ್ಲ. ಮಕ್ಕಳಿಗೆ ಭೂಪಟ ಹೇಳಿಕೊಡುವಾಗ ಮಾತ್ರ ಸೀಮೆಸುಣ್ಣದಿಂದ ಹೊಳೆಯನ್ನು ಹಳೆಯ ಜಾಗದಲ್ಲೇ ಬರೆದು, ಆಮೇಲೆ ಸುತ್ತ ನೀರು ತುಂಬಿಸುತ್ತಿದ್ದರಂತೆ. ಒಬ್ಬ ವಿದ್ಯಾರ್ಥಿ ಬರೆದು ಕಳುಹಿಸಿದ್ದಾರೆ. ಲಾಂಚ್ ಎಂಬ ಯಂತ್ರದೋಣಿಯ ಬದಲಿಗೆ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಒಮ್ಮೆ ಕಾರಿನಲ್ಲಿ ದಾಟಿಸಿದೆವು. "ಕೊನೆಯ ಲಾಂಚ್ ತಪ್ಪಿತೆಂದು ಇನ್ನು ಯಾವ ಶಿಕ್ಷಕರೂ ನೆಪ ಹೇಳುವಂತಿಲ್ಲ" ಎಂಬುದೇ ಅವರ ಅಭಿಪ್ರಾಯ.

ಪಾಟಿಚೀಲ:
ಸಂಚಿಕೆಗೆ ಹಣ ಸುರಿಯುವ ಬದಲು ಅದೇ ಶಾಲೆಯಲ್ಲಿ ಅವರ ಹೆಸರಿನಲ್ಲಿ ದತ್ತಿನಿಧಿ ಇಡಿ. ಪ್ರತಿವರ್ಷ ಒಳ್ಳೆಯ ಅಂಕ ಪಡೆದವರಿಗೆ ಬಹುಮಾನ. ಹೆಸರೂ ಉಳಿಯುತ್ತದೆ.

ನಿವೃತ್ತ_ಮೇಷ್ಟ್ರು:
ಇಡುವ ಮೊದಲು ಶಾಲೆಯಲ್ಲಿ ಈಗ ಎಷ್ಟು ಮಕ್ಕಳಿದ್ದಾರೆ ಎಂದು ಕೇಳಿಕೊಳ್ಳಿ. ನಾನು ಇಟ್ಟ ದತ್ತಿಯ ಬಡ್ಡಿಯಿಂದ ಈಗ ಎರಡು ನೋಟ್‌ಬುಕ್ ಬರುತ್ತವೆ, ಬಹುಮಾನ ತೆಗೆದುಕೊಳ್ಳಲು ಇಡೀ ತರಗತಿಯಲ್ಲಿ ಒಬ್ಬ ಹುಡುಗ ಇದ್ದಾನೆ. ಅವನೇ ಮೊದಲು, ಅವನೇ ಕೊನೆ. ದುಡ್ಡು ಕೊಡುವುದಾದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರನ್ನು ಕೇಳಿ, ಬೇಕಾದ ವಸ್ತುವನ್ನೇ ಕೊಡಿ. ಬಹಳ ಕಡೆ ಬೇಕಾಗಿರುವುದು ಶೌಚಾಲಯಕ್ಕೆ ನೀರಿನ ಪೈಪು.

ಹಕ್ಕಿನ_ಮಾತು:
ಅಂಕ ಪಡೆದವರಿಗೆ ಬಹುಮಾನ ಕೊಡುವುದು ಅವರ ರೀತಿಗೂ ಹೊಂದುವುದಿಲ್ಲ. ಅಡಿಕೆ ಸುಲಿಯುವ ಮಕ್ಕಳ ಅಂಗಳಕ್ಕೆ ಹೋದವರು ಅವರು.

ಕೊನೇಬೆಂಚು:
ನೋಡಿ, ಮೊನ್ನೆ ಬೆತ್ತ ಹಿಡಿದವರೆಂದು ಬೈಯುತ್ತಿದ್ದವರು ಇವರೇ.

ಹಕ್ಕಿನ_ಮಾತು:
ಬೆತ್ತವನ್ನು ಬೈದೆ. ಈಗಲೂ ಬೈಯುತ್ತೇನೆ.

ಹಿನ್ನೀರು:
ಎಲ್ಲರಿಗೂ ಒಂದು ವಿಷಯ. ಅಮ್ಮ ಇಡೀ ಚರ್ಚೆಯನ್ನು ನನ್ನಿಂದ ಓದಿಸಿಕೊಂಡು, ಆಮೇಲೆ ತಾವೇ ಹೇಳಿ ಬರೆಸಿದರು. ಒಂದಕ್ಷರವನ್ನೂ ತಿದ್ದದೆ ಹಾಕುತ್ತಿದ್ದೇನೆ:

‘ನೀರುಕಡ್ಡಿ ಎಂಬುವರು ಬರೆದ ಅಂಗಳದ ಕಥೆ ನಿಜ. ಆ ಹಂಗಾಮಿನಲ್ಲಿ ಅಮ್ಮ ಮನೆಗೆ ಬರುವಾಗ ರಾತ್ರಿ ಎಂಟಾಗುತ್ತಿತ್ತು. ಅಪ್ಪ ಸಾಗರದಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಒಂಬತ್ತನೆಯ ವಯಸ್ಸಿಗೆ ಅನ್ನ ಬಸಿಯುವುದನ್ನು ಕಲಿತೆ. ತಂಗಿಗೆ ಜ್ವರ ಬಂದ ರಾತ್ರಿಯೂ ಅವರು ಯಾರದೋ ಮನೆಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಹಳ್ಳಿಯಲ್ಲಿ ಏಳನೆಯ ತರಗತಿ ಮುಗಿದ ಹುಡುಗಿಯರನ್ನು ಪ್ರೌಢಶಾಲೆಗೆಂದು ನಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು. ನನ್ನ ಹಾಸಿಗೆಯಲ್ಲಿ ಯಾವಾಗಲೂ ಇನ್ನೊಬ್ಬಳು ಇರುತ್ತಿದ್ದಳು. ಅವರಲ್ಲಿ ಇಬ್ಬರು ಈಗ ನನಗೆ ಸ್ವಂತ ತಂಗಿಗಿಂತ ಹತ್ತಿರ. ಹಾಗೆಂದು ಆಗ ನನಗೆ ಸಂತೋಷವಾಗಿತ್ತು ಎಂದು ಬರೆಯಬೇಡಿ.

‘ಶಾಲೆಯಲ್ಲಿ ನಾನು ಅಮ್ಮಾ ಎಂದರೆ ತಿರುಗಿ ನೋಡುತ್ತಿರಲಿಲ್ಲ, ಅಕ್ಕೋರೇ ಎನ್ನಬೇಕಿತ್ತು. ಉಳಿದವರಿಗೆ ಒಂದು ಪೆಟ್ಟಾದರೆ ನನಗೆ ಎರಡು, ಪಕ್ಷಪಾತ ಎಂದು ಯಾರೂ ಹೇಳಬಾರದಲ್ಲ. ಮೊಮ್ಮಕ್ಕಳು ಚೆನ್ನೆಮಣೆ ಎನ್ನುತ್ತಾರೆ. ನನ್ನ ಜೊತೆ ಅವರು ಒಂದು ದಿನವೂ ಚೆನ್ನೆಮಣೆ ಆಡಿದ ನೆನಪಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಸಂಜೆಗಳು ಸಿಕ್ಕವು, ಆಗ ನಾನು ಗಂಡನ ಮನೆಯಲ್ಲಿದ್ದೆ. ಸಿಟ್ಟು ಇದೆ. ಅವರ ಮಗಳೆಂಬ ಹೆಮ್ಮೆಯೂ ಇದೆ. ಎರಡನ್ನು ಕೂಡಿಸಿ ಕಳೆದು ಉತ್ತರ ತೆಗೆಯಲು ನಾನು ಹೋಗುವುದಿಲ್ಲ. ನೀರಿನ ಕೊಡದ ಕಥೆ ನನಗೆ ಗೊತ್ತಿರಲಿಲ್ಲ. ಅದನ್ನು ಹಾಕಿಸಿ.’

ಉತ್ತರದವಳು:
ಅಕ್ಕಾ, ನನ್ನ ನಂಬರನ್ನು ನಿಮ್ಮ ಮಗನಿಗೆ ಖಾಸಗಿಯಾಗಿ ಕಳುಹಿಸಿದ್ದೇನೆ. ಸಂಜೆ ಆರರ ನಂತರ ಮಾಡಿ, ಶಾಲೆ ಮುಗಿದಿರುತ್ತದೆ. ಹೌದು, ನಾನೂ ಅದೇ ಕೆಲಸಕ್ಕೆ ಸೇರಿದೆ.

ಕೊನೇಬೆಂಚು:
ಇದನ್ನೇ ಮೊದಲ ಪುಟಕ್ಕೆ ಹಾಕಿ. ನೆಂಟರು ಓದಿದರೆ ಓದಲಿ.

ಹಿನ್ನೀರು:
ಹಾಗೆಯೇ ಮಾಡುತ್ತೇವೆ. ಅಮ್ಮನದು ಮೊದಲು, ನಂತರ ನೀರುಕಡ್ಡಿ ಅವರದು, ಪೆಟ್ಟಿನ ಬರಹ ಮತ್ತು ಹಾಜರಿಯ ಬರಹ ಪೂರ್ತಿಯಾಗಿ. ದೇವತೆಗಳನ್ನೆಲ್ಲ ಸೇರಿಸಿ ಕೊನೆಯಲ್ಲಿ ಹೆಸರುಗಳ ಪಟ್ಟಿ ಮಾತ್ರ ಕೊಡುತ್ತೇವೆ, ಇಲ್ಲದಿದ್ದರೆ ಬೇಸರ ಮಾಡಿಕೊಳ್ಳುತ್ತಾರೆ. ಹಾಜರಿಯ ಬರಹದಲ್ಲಿ ಬರೆದವರ ಹೆಸರು ಇರುವುದಿಲ್ಲ, ಅವರೇ ಹಾಗೆ ಕೇಳಿಕೊಂಡಿದ್ದಾರೆ. ಕರಡು ತಿದ್ದಲು ಯಾರಾದರೂ ಮುಂದೆ ಬಂದರೆ ಉಪಕಾರ. ಶಾಲೆಯ ಹಳೆಯ ಗುಂಪು ಫೋಟೊ ಯಾರಲ್ಲಿಯಾದರೂ ಇದ್ದರೆ ಸ್ಕ್ಯಾನ್ ಮಾಡಿ ಕಳುಹಿಸಿ, ಮೊಬೈಲಿನಲ್ಲಿ ತೆಗೆದ ಫೋಟೊ ಅಚ್ಚಿಗೆ ಸಾಲುವುದಿಲ್ಲ.

ಲೆಕ್ಕಪತ್ರ:
ಕರಡು ನಾನು ತಿದ್ದಿಕೊಡುತ್ತೇನೆ. ಹಾಜರಿಯ ಪುಟವನ್ನೂ ಸೇರಿಸಿ.

ನೀರುಕಡ್ಡಿ:
ನನ್ನ ಬಳಿ ಒಂದು ಫೋಟೊ ಇದೆ, ಅಂಚು ಗೆದ್ದಲು ತಿಂದಿದೆ. ಅವ್ವನನ್ನು ಕರೆದುಕೊಂಡು ಬರುವ ವಾರ ಸಾಗರಕ್ಕೆ ಬರುತ್ತೇನೆ, ಅಲ್ಲೇ ಸ್ಕ್ಯಾನ್ ಮಾಡಿಸೋಣ. ನಿಮ್ಮ ತಾಯಿಯವರನ್ನು ಅವ್ವ ನೋಡಬೇಕಂತೆ.

ಸಂತೆಪೇಟೆ:
ಉಪ್ಪಿಟ್ಟಿನ ಬಗ್ಗೆ ಬೇರೆ ಚರ್ಚೆ ತೆರೆಯುತ್ತಿದ್ದೇನೆ. ಗೋಧಿ ಪಕ್ಷದವರು ಅಲ್ಲಿಗೆ ಬನ್ನಿ.

ಮುಳುಗಡೆ_ಮನೆ:
ಆ ಕಡೆಯವರು ಇಷ್ಟು ಜನ ಇದ್ದೀರಲ್ಲ, ಒಂದು ಕೇಳುತ್ತೇನೆ: ಹಸಿರುಮಕ್ಕಿಯ ಲಾಂಚ್ ಈಗ ನಡೆಯುತ್ತಿದೆಯೇ? ನಿಟ್ಟೂರಿಗೆ ಹೋಗಬೇಕಿತ್ತು.

ಲಾಂಚ್_ತಪ್ಪಿದವ:
ಬೇಸಿಗೆಯಲ್ಲಿ ನೀರು ಇಳಿದರೆ ನಿಲ್ಲಿಸುತ್ತಾರೆ. ಕೇಳಿಕೊಂಡು ಹೊರಡಿ.